ಹಿಡಿಯುವವರ ಪಕ್ಷ

ನನ್ನ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದ ಮೇಲೆ ಜನ ನನ್ನ ಜೊತೆ ಬೇರೆ ವಿಷಯ ಮಾತಾಡುವುದನ್ನೇ ಬಿಟ್ಟುಬಿಟ್ಟರು. ನರಸಿಂಹರಾಜಪುರದ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಟೀಚರ್. ಹುಟ್ಟಿದ್ದು ಹಾವೇರಿ ಕಡೆ, ಇಲ್ಲಿಗೆ ಬಂದದ್ದು ವರ್ಗವಾಗಿ. ಬಂದವಳು ಇಲ್ಲೇ ಉಳಿದೆ. ಮದುವೆಯಾಗಲಿಲ್ಲ, ಅದಕ್ಕೆ ಹೇಳಿಕೊಳ್ಳುವಂಥ ಕಾರಣವೇನೂ ಇಲ್ಲ, ಒಂದೊಂದೇ ವರ್ಷ ಹಾಗೇ ಕಳೆದುಹೋಯಿತು. ಅವ್ವ ಇರುವವರೆಗೆ ನನ್ನ ಜೊತೆಗಿದ್ದಳು. ಅವಳು ಹೋದ ಮೇಲೆ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ.

ಕಾಯಿಲೆಗೆ ಮುಂಚೆ ಸ್ಟಾಫ್ ರೂಮಿನಲ್ಲಿ ನನ್ನದೇ ಗಲಾಟೆ ಹೆಚ್ಚು. ಟೈಮ್‌ಟೇಬಲ್ಲಿಗೆ ಜಗಳ, ಸೀರೆಯ ಬಣ್ಣಕ್ಕೆ ತಮಾಷೆ, ಯಾರದೋ ಮಗನ ಹಟಕ್ಕೆ ನನ್ನ ಸಲಹೆ. ಆಮೇಲೆ ನಾನು ಒಳಗೆ ಕಾಲಿಟ್ಟರೆ ಎಲ್ಲರ ದನಿ ತಗ್ಗುತ್ತಿತ್ತು. "ಹೇಗಿದ್ದೀರಿ ಮೇಡಂ? ಈ ಸಲ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಷ್ಟು ಬಂತು?" ಅನ್ನುತ್ತಿದ್ದರು. ಹಾಲು ಕೊಡುವವರೂ ಅದನ್ನೇ ಕೇಳುತ್ತಿದ್ದರು. ಭಾನುವಾರ ಫೋನ್ ಮಾಡುವ ತಮ್ಮನೂ ಅದನ್ನೇ ಕೇಳಿ, ನೀರು ಕಮ್ಮಿ ಕುಡಿ ಎಂದು ಹೇಳಿ ಇಟ್ಟುಬಿಡುತ್ತಿದ್ದ. ಯಾರನ್ನೂ ದೂರುವಂತಿರಲಿಲ್ಲ. ಅವರಿಗೆ ನನ್ನ ಮೇಲೆ ಕರುಣೆಯಿತ್ತು, ಅಷ್ಟೆ. ಆದರೆ ಬರೀ ಕರುಣೆ ಕೇಳಿಸಿಕೊಂಡು ಬದುಕುವುದು ಸುಲಭವಲ್ಲ.

ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಡಯಾಲಿಸಿಸ್ ಆಗಬೇಕಿತ್ತು. ನಮ್ಮೂರಲ್ಲಿ ಯಂತ್ರ ಖಾಲಿ ಇರಲಿಲ್ಲ. ಕೊಪ್ಪದಲ್ಲಿ ಬೆಳಗಿನ ಪಾಳಿ ಸಿಕ್ಕಿತು. ಇನ್ನೂ ಮಬ್ಬಿರುವಾಗಲೇ ಹೊರಡುವ ಬಸ್ಸು ಹತ್ತಿ ಹೋಗುತ್ತಿದ್ದೆ. ತೂಕ ನೋಡಿ, ಹಾಸಿಗೆಗೆ ಮಲಗಿಸಿ, ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚುತ್ತಿದ್ದರು. ಒಂದರಿಂದ ರಕ್ತ ಯಂತ್ರಕ್ಕೆ ಹೋಗಿ, ಶುದ್ಧವಾಗಿ, ಇನ್ನೊಂದರಿಂದ ವಾಪಸ್ಸು ಬರುತ್ತದೆ. ನಾಲ್ಕು ಗಂಟೆ ಆ ಕೈ ಅಲ್ಲಾಡಿಸುವಂತಿಲ್ಲ. ಮಧ್ಯಾಹ್ನದ ಪೀರಿಯಡ್ಡುಗಳಿಗೆ ನಾನು ಶಾಲೆಗೆ ಮರಳುತ್ತಿದ್ದೆ. ಹೆಡ್‌ಮಾಸ್ತರರು ಅಷ್ಟು ಅನುಕೂಲ ಮಾಡಿಕೊಟ್ಟಿದ್ದರು.

ಮೊದಲ ತಿಂಗಳುಗಳಲ್ಲಿ ಆ ನಾಲ್ಕು ಗಂಟೆ ಚಾವಣಿ ನೋಡುತ್ತಲೇ ಕಳೆದೆ. ಒಂದೇ ಕೈಯಲ್ಲಿ ಪುಸ್ತಕ ಹಿಡಿದು ಪುಟ ತಿರುಗಿಸಲು ಆಗದು. ಪ್ರಯತ್ನಪಟ್ಟೆ, ಪುಸ್ತಕ ಮುಖದ ಮೇಲೆ ಬಿತ್ತು. ಫೋನನ್ನು ಹೊಟ್ಟೆಯ ಮೇಲೆ ಮಡಚಿಟ್ಟ ಹೊದಿಕೆಗೆ ಒರಗಿಸಿದರೆ ಮಾತ್ರ ನೋಡಲು ಬರುತ್ತಿತ್ತು. ರೀಚಾರ್ಜಿನ ಜೊತೆ ಪುಕ್ಕಟೆ ಬಂದ ಆಟಗಳ ಆ್ಯಪ್ ಒಂದಿತ್ತು. ಒಂದು ಸೋಮವಾರ ಕ್ರಿಕೆಟ್ ಇದೆಯೇ ಎಂದು ಅದನ್ನು ತೆರೆದೆ. ಕ್ರಿಕೆಟ್ ಇರಲಿಲ್ಲ. ಆ ಹೊತ್ತಿಗೆ ನೇರ ಬರುತ್ತಿದ್ದದ್ದು ಒಂದೇ ಆಟ, ಅಮೆರಿಕದ ಫುಟ್‌ಬಾಲ್. ಅಲ್ಲಿ ಭಾನುವಾರ ರಾತ್ರಿ ಆಡುವ ಪಂದ್ಯ ನಮಗೆ ಸೋಮವಾರ ಬೆಳಿಗ್ಗೆ ಬರುತ್ತದೆ.

ಏನೂ ಅರ್ಥವಾಗಲಿಲ್ಲ. ಹೆಲ್ಮೆಟ್ ಹಾಕಿದ, ಭುಜಕ್ಕೆ ದಿಂಬು ಕಟ್ಟಿಕೊಂಡಂತಿದ್ದ ದೊಡ್ಡ ದೊಡ್ಡ ಗಂಡಸರು ಎದುರುಬದುರು ಬಗ್ಗಿ ನಿಲ್ಲುತ್ತಿದ್ದರು, ಒಮ್ಮೆಲೇ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು, ಸೀಟಿ ಕೇಳಿಸುತ್ತಿತ್ತು, ಮತ್ತೆ ಎದ್ದು ಹೋಗಿ ನಿಲ್ಲುತ್ತಿದ್ದರು. ಆದರೆ ಒಂದು ವಿಷಯ ಅವತ್ತೇ ಹಿಡಿಸಿತು. ಅದು ಮೂರು ಗಂಟೆಗೂ ಮೀರಿ ನಡೆಯುತ್ತದೆ. ಇನ್ನೊಂದು, ನನಗೆ ಪರಿಚಯವಿರುವ ಯಾರಿಗೂ ಅದರ ಬಗ್ಗೆ ಒಂದಕ್ಷರ ಗೊತ್ತಿರಲಿಲ್ಲ. ಅದಕ್ಕೂ ನನ್ನ ಕಾಯಿಲೆಗೂ ಸಂಬಂಧವಿರಲಿಲ್ಲ. ಮನೆಗೆ ಬಂದು ನಿಯಮಗಳನ್ನು ಹುಡುಕಿ ಓದಿದೆ, ವಿಡಿಯೋ ನೋಡಿದೆ. ಟೀಚರ್ ಬುದ್ಧಿ, ಅರ್ಥವಾಗದೇ ಇದ್ದರೆ ಸಮಾಧಾನವಿಲ್ಲ.

ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಹೋಗದಿದ್ದರೆ ಚೆಂಡು ಎದುರಿನವರ ಪಾಲು. ಕೊನೆಯ ಗೆರೆ ದಾಟಿದರೆ ಅಂಕ. ದೂರದಿಂದಲೇ ಚೆಂಡನ್ನು ಎರಡು ಕಂಬಗಳ ನಡುವೆ ಒದ್ದರೆ ಅದಕ್ಕಿಂತ ಕಮ್ಮಿ ಅಂಕ. ಮುನ್ನುಗ್ಗುವವರೇ ಬೇರೆ, ತಡೆಯುವವರೇ ಬೇರೆ. ಒಂದೇ ತಂಡದವರಾದರೂ ಅವರು ಒಟ್ಟಿಗೆ ಮೈದಾನಕ್ಕೆ ಇಳಿಯುವುದೇ ಇಲ್ಲ. ಇಷ್ಟು ತಿಳಿಯುವ ಹೊತ್ತಿಗೆ ನನಗೊಂದು ತಂಡವೂ ಸಿಕ್ಕಿತ್ತು. ಯಾವುದೋ ಚಳಿಯೂರಿನ ತಂಡ. ಅವರ ಮುನ್ನುಗ್ಗುವವರು ಏನಕ್ಕೂ ಬಾರದವರು. ಎಸೆದ ಚೆಂಡನ್ನು ನೆಲಕ್ಕೆ ಬಿಡುತ್ತಿದ್ದರು, ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದರು. ಆದರೆ ತಡೆಯುವವರು ಬೇರೆಯೇ ಜಾತಿ. ಅವರ ಪಂದ್ಯಗಳಲ್ಲಿ ಎರಡೂ ಕಡೆ ಅಂಕಗಳು ಹತ್ತು ದಾಟುವುದೇ ಕಷ್ಟ. ವೀಕ್ಷಕ ವಿವರಣೆಗಾರರು ಬೇಸರದಿಂದ ಬೇರೆ ಏನೇನೋ ಮಾತಾಡಿಕೊಳ್ಳುತ್ತಿದ್ದರು. ಆ ತಂಡ ಒಂದೊಂದೇ ಪಂದ್ಯವನ್ನು ಹಾಗೇ ಬಿಗಿಹಿಡಿದು ಗೆಲ್ಲುತ್ತಿತ್ತು.

ನನ್ನ ಪಕ್ಕದ ಹಾಸಿಗೆಯಲ್ಲಿ ಶೃಂಗೇರಿ ಕಡೆಯ ಅಡ್ಡಗದ್ದೆಯ ಗೌಡರೊಬ್ಬರು ಇರುತ್ತಿದ್ದರು. ಅರವತ್ತು ದಾಟಿದವರು, ಎತ್ತರದ ಆಳು, ಅಗಲ ಭುಜ, ಕಾಯಿಲೆಯಿಂದ ಸಡಿಲಾದ ಚರ್ಮ. ಬೆಳಿಗ್ಗೆ ಮಗ ಬೈಕಿನಲ್ಲಿ ತಂದು ಬಿಟ್ಟು ಹೋಗುತ್ತಿದ್ದ. ವಾಪಸ್ಸು ಶೃಂಗೇರಿ ಬಸ್ಸು ಹಿಡಿದು ಹೋಗುತ್ತಿದ್ದರು. ಯಾರ ಜೊತೆಯೂ ಮಾತಿಲ್ಲ. ಸಿಸ್ಟರ್ ಏನಾದರೂ ಕೇಳಿದರೆ ತಲೆಯಾಡಿಸುತ್ತಿದ್ದರು. ನಾವಿಬ್ಬರೂ ತಿಂಗಳುಗಟ್ಟಲೆ ಕೈಯಳತೆಯ ದೂರದಲ್ಲಿ ಮಲಗಿದ್ದರೂ ನನಗೆ ಅವರ ದನಿ ಹೇಗಿದೆ ಎಂದೇ ಗೊತ್ತಿರಲಿಲ್ಲ.

ಒಂದು ಶುಕ್ರವಾರ ಆಟ ನೋಡುತ್ತಿದ್ದಾಗ ಪಕ್ಕದಿಂದ ಕೇಳಿಸಿತು.

"ಅದೆಂತ ಟೀಚ್ರೇ, ಜಗಳವಾ?"

ನಾನು ಕಿವಿಯಿಂದ ಇಯರ್‌ಫೋನ್ ತೆಗೆದೆ. "ಜಗಳ ಅಲ್ರೀ ಗೌಡ್ರೇ, ಆಟ. ಅಮೆರಿಕದ್ದು."

"ಆಟವಾ? ಚೆಂಡು ಎಲ್ಲಿ ಅದ್ರಲ್ಲಿ?"

"ಇದೆ ನೋಡ್ರಿ. ಅವನ ಕಂಕುಳಲ್ಲಿ."

ಅವರು ಕುತ್ತಿಗೆ ಚಾಚಿ ನೋಡಿದರು. ನಾನು ಫೋನನ್ನು ಅವರ ಕಡೆ ತುಸು ತಿರುಗಿಸಿದೆ. ಒಬ್ಬ ಗೆರೆಯ ಹತ್ತಿರ ಸಿಕ್ಕಿಬಿದ್ದದ್ದನ್ನು ನೋಡಿ, "ಇದು ಕಬಡ್ಡಿನೇ ಅಲ್ದಾ ಮಾರಾಯ್ರೇ," ಎಂದರು. "ಉಸಿರು ಕಟ್ಟೋದೊಂದು ಇಲ್ಲ. ಗೆರೆ ದಾಟ್ಬೇಕು, ಹಿಡೀಬೇಕು, ಅಷ್ಟೇ."

ವಯಸ್ಸಿನಲ್ಲಿ ಅವರು ಕಬಡ್ಡಿ ಆಡಿದವರಂತೆ. ಕೊಪ್ಪ, ಕಮ್ಮರಡಿ, ಮೆಣಸೆ, ಎಲ್ಲೆಲ್ಲಿ ಪಂದ್ಯವೋ ಅಲ್ಲೆಲ್ಲ. "ರೈಡಿಗೆ ಹೋಗ್ತಿದ್ರಾ?" ಎಂದು ಕೇಳಿದೆ. "ಇಲ್ಲಪ್ಪ. ನಾನು ಮೂಲೆ. ಬಂದೋನ ಕಾಲು ಹಿಡಿಯೋದೇ ನನ್ನ ಕೆಲಸ," ಎಂದರು. ಹೇಳಿ, ಹಾಸಿಗೆಯ ಮೇಲೆ ಸ್ವತಂತ್ರವಾಗಿದ್ದ ಕೈಯನ್ನು ಮುಷ್ಟಿ ಮಾಡಿ ಬಿಚ್ಚಿದರು.

ಅವತ್ತಿನಿಂದ ಫೋನು ಎರಡು ಹಾಸಿಗೆಗಳ ನಡುವಿನ ಟ್ರಾಲಿಯ ಮೇಲೆ ಬಂತು. ಸಿಸ್ಟರ್ ಔಷಧದ ಡಬ್ಬಿಯೊಂದನ್ನು ಅದಕ್ಕೆ ಒರಗು ಕೊಟ್ಟರು. ಸೋಮವಾರ, ಶುಕ್ರವಾರ ನೇರ ಆಟ. ಬುಧವಾರ ನಮ್ಮ ತಂಡ ಆಡಿದ್ದನ್ನು ಹುಡುಕಿ ಹಾಕುತ್ತಿದ್ದೆ. ನಾನು ಮೊದಲೇ ಫಲಿತಾಂಶ ನೋಡಿರುತ್ತಿದ್ದೆನಾದರೂ ಹೇಳುತ್ತಿರಲಿಲ್ಲ. ಹತ್ತು ಗಜ ಎಂದರೆ ಎಷ್ಟು ಎಂದು ಅವರು ಕೇಳಿ, "ಐದು ಮಾರು ಅನ್ನಿ," ಎಂದು ತಾವೇ ಲೆಕ್ಕ ಹಾಕಿಕೊಂಡರು. ಆಮೇಲೆ ಎಲ್ಲವೂ ಮಾರಿನಲ್ಲೇ. "ಇನ್ನು ಎರಡು ಮಾರು ಬೇಕು ಅವ್ರಿಗೆ. ಸಿಕ್ಕದಿಲ್ಲ." ಆಟಗಾರರ ಹೆಸರುಗಳು ಅವರ ನಾಲಿಗೆಗೆ ಹೊರಳುತ್ತಿರಲಿಲ್ಲ. ಹೆಲ್ಮೆಟ್ಟಿನ ಕೆಳಗಿನಿಂದ ಉದ್ದ ಕೂದಲು ಇಳಿಬಿಟ್ಟಿದ್ದವನು ಜಡೆಯವನು. ಮಧ್ಯದಲ್ಲಿ ನಿಂತು ಅಲ್ಲಾಡದೇ ಇದ್ದ ಭಾರೀ ಆಳು ದಪ್ಪ. ಅಷ್ಟೇ ಸಾಕಾಗಿತ್ತು.

ಅವರಿಗೆ ಒಂದು ವಿಷಯ ಮಾತ್ರ ಒಗ್ಗಲಿಲ್ಲ.

"ಇವ್ರು ಹಿಡೀತಾರೆ, ಚೆಂಡು ಕಸಿದು ಕೊಡ್ತಾರೆ. ಮತ್ತೆ ಇವ್ರೇ ಯಾಕೆ ಓಡಬಾರ್ದು?"

"ಅದು ಇವರ ಕೆಲಸ ಅಲ್ರೀ. ಇವರು ಹೊರಗೆ ಹೋಗಿ ಕೂರ್ಬೇಕು. ಓಡೋರು ಬೇರೆ ಬರ್ತಾರೆ."

"ಆ ಕೈಲಾಗದೋರಾ?"

"ಹೌದು."

"ಬಂದು ಚೆಂಡು ಕಳ್ದು ಹೋಗ್ತಾರೆ. ಇವ್ರು ಮತ್ತೆ ಎದ್ದು ಬರ್ಬೇಕು."

"ಹೌದ್ರೀ."

ಅವರು ತಲೆಯಾಡಿಸಿದರು. ತಡೆಯುವವರು ಹೊರಗೆ ಬೆಂಚಿನ ಮೇಲೆ ಕೂತಿರುವುದನ್ನು ಕ್ಯಾಮೆರಾ ತೋರಿಸಿದಾಗಲೆಲ್ಲ ಅವರು ಪರದೆಯನ್ನು ಹೆಚ್ಚು ಗಮನವಿಟ್ಟು ನೋಡುತ್ತಿದ್ದರು.

ಒಮ್ಮೆ ಸ್ಟಾಫ್ ರೂಮಿನಲ್ಲಿ ನಾನು ಈ ಆಟದ ಸುದ್ದಿ ಎತ್ತಿದೆ. ಹೇಳಬೇಕೆನ್ನಿಸಿತ್ತು, ಹಿಂದಿನ ದಿನದ ಪಂದ್ಯ ಅಷ್ಟು ಚೆನ್ನಾಗಿತ್ತು. ಗಣಿತದ ಮೇಡಂ ಪೂರ್ತಿ ಕೇಳಿಸಿಕೊಂಡು, ನನ್ನ ಕೈ ಹಿಡಿದು, "ಎಷ್ಟು ಚೆನ್ನಾಗಿದೆ ಅಲ್ವಾ, ನಿಮ್ಮ ಹೋರಾಟದ ಥರಾನೇ," ಎಂದರು. ಅವರ ಕಣ್ಣು ತುಂಬಿತ್ತು. ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಆ ಮಾತಿನ ಮೇಲೆ. ನನ್ನ ಕಾಯಿಲೆಗೆ ಸಂಬಂಧವಿಲ್ಲದ್ದು ಎಂದು ನಾನು ಜೋಪಾನವಾಗಿ ಇಟ್ಟುಕೊಂಡಿದ್ದ ಒಂದೇ ಒಂದು ವಿಷಯವನ್ನು ಅವರು ಒಂದು ವಾಕ್ಯದಲ್ಲಿ ಕಾಯಿಲೆಗೆ ಕಟ್ಟಿಹಾಕಿದ್ದರು. ಆಮೇಲೆ ಶಾಲೆಯಲ್ಲಿ ಅದರ ಸುದ್ದಿ ಎತ್ತಲಿಲ್ಲ. ಗೌಡರು ಎಂದೂ ಹಾಗೆ ಹೇಳಲಿಲ್ಲ. ಅವರಿಗೆ ಅದು ಆಟ, ಅಷ್ಟೇ.

ಭೂಮಿ ಹುಣ್ಣಿಮೆಗೆ ಮನೆಗೆ ಬನ್ನಿ ಎಂದು ಗೌಡರು ಕರೆದರು. ಹೊಡೆ ತುಂಬಿ ತೆನೆ ಬರುವ ಹೊತ್ತಿನ ಗದ್ದೆಯನ್ನು ಬಸುರಿಯೆಂದು ತಿಳಿದು, ಅದಕ್ಕೆ ಬಯಕೆಯ ಊಟ ಬಡಿಸುವ ಹಬ್ಬ. ಆ ವರ್ಷ ಅದು ನನಗೆ ಡಯಾಲಿಸಿಸ್ ಇಲ್ಲದ ದಿನ ಬಂದಿತ್ತು, ಶಾಲೆಗೂ ರಜೆ. ವರ್ಷಗಳಿಂದ ಯಾರೂ ನನ್ನನ್ನು ಹಬ್ಬಕ್ಕೆ ಹೀಗೆ ಕರೆದಿರಲಿಲ್ಲ. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಎಡಗೈಯಲ್ಲಿ ಸೂಜಿ ಚುಚ್ಚುವ ಕಡೆಯ ಉಬ್ಬು ಕಾಣದಂತೆ ಉದ್ದ ತೋಳಿನ ರವಿಕೆ ಹಾಕಿ, ಕೊಪ್ಪದಲ್ಲಿ ಒಂದು ಬಸ್ಸು, ಶೃಂಗೇರಿಯಲ್ಲಿ ಇನ್ನೊಂದು ಬಸ್ಸು ಬದಲಿಸಿ ಹೋದೆ.

ಮನೆ ತುಂಬ ಜನ. ಅಣ್ಣತಮ್ಮಂದಿರು, ಅವರ ಮಕ್ಕಳು, ಬೀಗರು. ಗದ್ದೆಯ ಬದುವಿನಲ್ಲಿ ಬಾಳೆಲೆ ಹಾಕಿ ಊಟ. ಗೌಡರು ನನ್ನನ್ನು ನೋಡಿ, "ಬಂದ್ರಾ ಟೀಚ್ರೇ," ಎಂದರು. ಹೆಂಡತಿಯ ಕಡೆ ತಿರುಗಿ, "ಆಸ್ಪತ್ರೆ ಟೀಚ್ರು," ಎಂದರು. ಅಷ್ಟೇ. ಅವರು ಗಂಡಸರ ಸಾಲಿನ ತುದಿಯಲ್ಲಿ ಹೋಗಿ ಕೂತರು. ಆ ಸಾಲಿನಲ್ಲಿ ಮಾತು ಜೋರಾಗಿ ನಡೆದಿತ್ತು. ಅವರೊಬ್ಬರು ಎಲೆ ನೋಡುತ್ತಾ ಕೂತಿದ್ದರು. ಯಾರೂ ಅವರನ್ನು ಮಾತಿಗೆ ಎಳೆಯುತ್ತಿರಲಿಲ್ಲ. ಅದು ಅಲ್ಲಿ ಎಲ್ಲರಿಗೂ ರೂಢಿಯಾದಂತಿತ್ತು.

ನನ್ನ ಎಲೆಗೆ ಬಡಿಸಿದ್ದರಲ್ಲಿ ಮುಕ್ಕಾಲು ಪಾಲು ನಾನು ತಿನ್ನುವಂತಿರಲಿಲ್ಲ. ಉಪ್ಪು, ಸೊಪ್ಪು, ಬಾಳೆಹಣ್ಣು, ಎಲ್ಲಕ್ಕೂ ಮಿತಿ. ಗೌಡರ ಹೆಂಡತಿಗೆ ಇದು ಗೊತ್ತಿತ್ತು. ಒತ್ತಾಯ ಮಾಡದೇ, ಎರಡು ಕಡುಬು ಮಾತ್ರ ಇಟ್ಟು, ಪಕ್ಕದಲ್ಲಿ ಬಂದು ಕೂತರು. ಸ್ವಲ್ಪ ಹೊತ್ತಿನ ಮೇಲೆ ದನಿ ತಗ್ಗಿಸಿ ಕೇಳಿದರು.

"ಇವ್ರು ಅಲ್ಲಿ ನಿಮ್ಮ ಹತ್ರ ಮಾತಾಡ್ತಾರಾ?"

"ಆಡ್ತಾರಲ್ರೀ."

"ಎಂತ ಮಾತಾಡ್ತಾರೆ?"

ನಾನು ಕಡುಬಿನ ತುಂಡೊಂದನ್ನು ಮುರಿದೆ. "ಹಿಂಗೇ… ಕಬಡ್ಡಿ ಅದು ಇದು."

"ಕಬಡ್ಡಿಯಾ?" ಅವರು ನಕ್ಕರು. ನಕ್ಕದ್ದು ಬೇಗ ನಿಂತಿತು. "ಮನೇಲಿ ಒಂದ್ ಮಾತಿಲ್ಲ ಮಾರಾಯ್ರೇ. ಈ ಕಾಯ್ಲೆ ಶುರುವಾದ್ಮೇಲೆ ಅಂಗಳದಲ್ಲಿ ಕುರ್ಚಿ ಹಾಕ್ಕಂಡು ಕೂತ್ರೆ ಆಯ್ತು. ನಾನು ಕೇಳಿದ್ರೆ ಹೂಂ, ಊಂಹೂಂ. ಅಷ್ಟೇಯ. ಅಲ್ಲಾದ್ರೂ ಮಾತಾಡ್ತಾರಲ್ಲ, ಬಿಡಿ."

ಬಿಡಿ ಎಂದು ಹೇಳಿ ಅವರು ಎದ್ದು ಮಜ್ಜಿಗೆ ತರಲು ಹೋದರು. ನಾನು ಆ ಸಾಲಿನ ತುದಿ ನೋಡಿದೆ. ಹೆಂಡತಿ, ಮಗ, ಸೊಸೆ, ಇಷ್ಟು ಬಳಗ ಸುತ್ತ ಇದ್ದರೂ ಆ ಮನುಷ್ಯ ನನ್ನಷ್ಟೇ ಒಂಟಿ ಎಂದು ಅವತ್ತು ತಿಳಿಯಿತು. ಅದರಿಂದ ನನಗೆ ಸಮಾಧಾನವಾಗಬೇಕಿತ್ತೇನೋ, ಆಗಲಿಲ್ಲ. ಇಷ್ಟು ಜನ ಇದ್ದರೂ ಹೀಗೆ ಆಗಬಹುದಾದರೆ, ನನಗೂ ಜನ ಇದ್ದಿದ್ದರೆ ಸರಿಯಾಗುತ್ತಿತ್ತು ಎಂದು ನಾನು ಅಂದುಕೊಂಡಿದ್ದು ಸುಳ್ಳಾಯಿತಲ್ಲ ಎನ್ನಿಸಿತು. ಹೊರಡುವಾಗ ಗೌಡರು ಬೇಲಿಯ ದಣಪೆಯವರೆಗೆ ಬಂದರು. ಆಟದ ಮಾತು ಎತ್ತುತ್ತಾರೆ ಎಂದು ಕಾದೆ. "ಬಸ್ಸು ಸಿಕ್ತದೆ, ನಿಧಾನ ಹೋಗಿ," ಎಂದರು. ಶೃಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ಯಾತ್ರೆಗೆ ಬಂದ ಕುಟುಂಬಗಳ ನಡುವೆ ಕೂತು ಕೊಪ್ಪದ ಬಸ್ಸಿಗೆ ಕಾಯುವಾಗ ನಾನು ಬಹಳ ದಣಿದಿದ್ದೆ.

ಮರುದಿನ ಆಸ್ಪತ್ರೆಯಲ್ಲಿ ಅವರು ಏನೂ ಆಗದವರಂತೆ, "ಇವತ್ತು ಯಾರ ಮೇಲೆ?" ಎಂದು ಕೇಳಿದರು. ನಾನೂ ಏನೂ ಆಗದವಳಂತೆ ಹೇಳಿದೆ.

ಚಳಿಗಾಲಕ್ಕೆ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡರು. ಅದುವರೆಗೆ ನಾವು ಡಯಾಲಿಸಿಸ್‌ಗೆ ಮಲಗುವ ಹೊತ್ತಿಗೆ ಒಂದು ಗಂಟೆ ಮುಗಿದಿರುತ್ತಿದ್ದ ಆಟ ಈಗ ನಮ್ಮ ಜೊತೆಗೇ ಶುರುವಾಗತೊಡಗಿತು. ನಮ್ಮ ತಂಡ ಇನ್ನೂ ಗೆಲ್ಲುತ್ತಿತ್ತು. ಅಲ್ಲಿಯ ಪತ್ರಿಕೆಗಳಲ್ಲಿ ಅವರ ಬಗ್ಗೆ ಹೊಗಳಿಕೆಗಿಂತ ಗೊಣಗಾಟವೇ ಹೆಚ್ಚಿತ್ತು, ನೋಡಲು ಚಂದವಿಲ್ಲದ ಆಟ ಎಂದು. ಗೌಡರಿಗೆ ಅದನ್ನು ಓದಿ ಹೇಳಿದರೆ, "ಅವ್ರಿಗೆ ಎಂತ ಗೊತ್ತು," ಎಂದು ಮುಗಿಸಿಬಿಡುತ್ತಿದ್ದರು.

ಒಂದು ಸೋಮವಾರದ ಆಟ ನನಗೆ ಚೆನ್ನಾಗಿ ನೆನಪಿದೆ. ಮುಗಿಯಲು ಕೆಲವೇ ನಿಮಿಷವಿತ್ತು. ನಮ್ಮವರು ಸಣ್ಣ ಅಂತರದಿಂದ ಮುಂದಿದ್ದರು. ಎದುರಾಳಿಗಳು ತಳ್ಳಿಕೊಂಡು ತಳ್ಳಿಕೊಂಡು ಕೊನೆಯ ಗೆರೆಯ ಹತ್ತಿರಕ್ಕೇ ಬಂದುಬಿಟ್ಟಿದ್ದರು. ಒಂದು ಮಾರು ಉಳಿದಿತ್ತು. ಅವರಿಗೆ ನಾಲ್ಕು ಅವಕಾಶ. ಮೊದಲನೆಯದು ದಪ್ಪನ ಮೇಲೆ ಬಿತ್ತು, ನಿಂತಿತು. ಎರಡನೆಯದೂ ಹಾಗೇ. ಮೂರನೆಯ ಸಲ ಎಸೆದ ಚೆಂಡಿಗೆ ಯಾರೋ ಬೆರಳು ಮುಟ್ಟಿಸಿ ನೆಲಕ್ಕೆ ಹಾಕಿದ. ಅಷ್ಟರಲ್ಲಿ ಗೌಡರ ಯಂತ್ರ ಕೂಗತೊಡಗಿತು.

ತಿರುಗಿ ನೋಡಿದರೆ ಅವರ ಮುಖ ಬಿಳುಚಿಕೊಂಡಿತ್ತು, ಹಣೆ ತುಂಬ ಬೆವರು. ಬಿ.ಪಿ. ಇಳಿದಿತ್ತು, ನಮ್ಮ ಪೈಕಿ ಎಲ್ಲರಿಗೂ ಆಗಾಗ ಆಗುವಂಥದ್ದೇ. ಸಿಸ್ಟರ್ ಓಡಿ ಬಂದು ಹಾಸಿಗೆಯ ಕಾಲಿನ ಕಡೆ ಎತ್ತರಿಸಿ, ಸಲೈನ್ ಬಿಟ್ಟು, ಟ್ರಾಲಿಯನ್ನು ಆಚೆ ತಳ್ಳಿದರು. "ಗೌಡ್ರೇ, ಕಣ್ಣು ಬಿಡಿ. ಗೌಡ್ರೇ!"

ಗೌಡರು ಕಣ್ಣು ಬಿಡಲಿಲ್ಲ. ತುಟಿ ಅಲ್ಲಾಡಿತು. "ಸುಮ್ನಿರಿ ಸಿಸ್ಟರೇ. ಇನ್ನೊಂದು ಸಲ ಬಾಕಿ ಇದೆ."

ಸಿಸ್ಟರಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಫೋನ್ ನನ್ನ ಕಡೆ ಸರಿದಿತ್ತು. ನಾನು ಜೋರಾಗಿ ಹೇಳತೊಡಗಿದೆ. "ನಿಂತ್ರು ಗೌಡ್ರೇ. ಎರಡೂ ಕಡೆ ನಿಂತ್ರು. ಚೆಂಡು ಕೊಟ್ರು. ಬಲಕ್ಕೆ ಓಡಿದ… ಬಲಕ್ಕೆ… ಹಿಡಿದ್ರು! ಗೆರೆ ಮುಟ್ಟಲಿಲ್ಲ!"

"ಯಾರು?"

"ಜಡೆಯವ. ಕಾಲು ಹಿಡಿದ."

ಅವರು ಕಣ್ಣು ಮುಚ್ಚಿಕೊಂಡೇ ನಕ್ಕರು. ಮುಖದಲ್ಲಿ ನಿಧಾನವಾಗಿ ಬಣ್ಣ ಬಂತು. ಸಿಸ್ಟರ್ ನಮ್ಮಿಬ್ಬರಿಗೂ ಸರಿಯಾಗಿ ಬೈದರು. "ಇನ್ನೊಂದ್ ಸಲ ಹಿಂಗಾದ್ರೆ ಫೋನು ಕಿತ್ತಿಡ್ತೀನಿ ಮೇಡಂ. ನೀವಾದ್ರೂ ಓದಿದೋರು." ಬೈಸಿಕೊಂಡದ್ದಕ್ಕೆ ನನಗೆ ಎಷ್ಟು ಖುಷಿಯಾಯಿತೆಂದರೆ, ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಿಟಕಿಗೆ ಮುಖ ಮಾಡಿ ಒಬ್ಬಳೇ ನಕ್ಕೆ. ನನ್ನನ್ನು ಯಾರಾದರೂ ಬೈದು ಬಹಳ ಕಾಲವಾಗಿತ್ತು.

ಆಟದ ಋತುವಿನ ಕೊನೆಗೆ ನಮ್ಮ ತಂಡ ನಾಕೌಟ್ ಹಂತಕ್ಕೆ ಬಂತು. ಸೋತವರು ಮನೆಗೆ ಹೋಗುವ ಹಂತ ಅದು. ಅವರ ಮೊದಲ ಪಂದ್ಯ ಜನವರಿಯ ಒಂದು ಸೋಮವಾರ ಬೆಳಿಗ್ಗೆಗೇ ಬಿದ್ದಿತ್ತು. ಇದನ್ನು ಹೇಳಬೇಕೆಂದು ನಾನು ಹಿಂದಿನ ಶುಕ್ರವಾರ ಬೇಗನೇ ಹೋಗಿದ್ದೆ. ಗೌಡರು ತೂಕದ ಯಂತ್ರದಿಂದ ಇಳಿಯುತ್ತಾ ತಾವೇ ಮೊದಲು ಹೇಳಿದರು.

"ಶೃಂಗೇರೀಲೇ ಜಾಗ ಸಿಕ್ತು ಟೀಚ್ರೇ. ಸೋಮವಾರದಿಂದ ಅಲ್ಲೇ."

"ಹೌದಾ? ಬಹಳ ಒಳ್ಳೇದಾಯ್ತಲ್ರೀ," ಎಂದೆ. ಒಳ್ಳೆಯದೇ ಆಗಿತ್ತು. ಅಷ್ಟು ದೂರ ಬರುವುದು, ಸುಸ್ತಾದ ದೇಹ ಹೊತ್ತು ಬಸ್ಸಿನಲ್ಲಿ ನಿಂತು ಹೋಗುವುದು, ಎಲ್ಲ ತಪ್ಪಿತ್ತು.

"ದಾರಿ ಕಾಟ ತಪ್ತು. ಮಗಂಗೂ ಕೆಲ್ಸ ಕೆಡ್ತಿತ್ತು."

"ಹೌದ್ರೀ."

ಅವತ್ತಿನ ಆಟ ಬೇರೆ ಯಾರದೋ. ಇಬ್ಬರೂ ನೋಡಿದೆವು. ಸೋಮವಾರದ ಪಂದ್ಯದ ವಿಷಯ ಹೇಳಿದೆ. "ನೀವು ನೋಡಿ ಹೇಳಿ," ಎಂದರು. ಅವರದು ಬಟನ್ ಫೋನು. ನಂಬರ್ ಕೊಟ್ಟರು. ಸೂಜಿ ತೆಗೆದು ಪಟ್ಟಿ ಕಟ್ಟಿದ ಮೇಲೆ ಎಂದಿನಂತೆ ಚೀಲ ಹಿಡಿದು, ಬಾಗಿಲ ಹತ್ತಿರ ಒಮ್ಮೆ ನಿಂತು, ತಲೆಯಾಡಿಸಿ ಹೋದರು.

ಸೋಮವಾರ ಆ ಹಾಸಿಗೆಯಲ್ಲಿ ಹೊಸಬರೊಬ್ಬರು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡು ಮಲಗಿದ್ದರು. ನಾನು ಫೋನನ್ನು ಮತ್ತೆ ಹೊಟ್ಟೆಯ ಮೇಲಿಟ್ಟುಕೊಂಡೆ. ಅಲ್ಲಿ ಹಿಮ ಬೀಳುತ್ತಿತ್ತು. ಆಟಗಾರರ ಬಾಯಿಂದ ಹೊಗೆಯಂತೆ ಉಸಿರು ಬರುತ್ತಿತ್ತು. ತಡೆಯುವವರು ಅವತ್ತು ಆಡಿದ ಹಾಗೆ ಇಡೀ ಋತುವಿನಲ್ಲಿ ಆಡಿರಲಿಲ್ಲ. ಎದುರಾಳಿಗಳಿಗೆ ಗೆರೆ ದಾಟಲು ಒಮ್ಮೆಯೂ ಬಿಡಲಿಲ್ಲ. ದೂರದಿಂದ ಒಮ್ಮೆ ಒದ್ದು ಗಳಿಸಿದ ಮೂರು ಅಂಕವಷ್ಟೇ ಅವರಿಗೆ ಸಿಕ್ಕಿದ್ದು. ಆದರೆ ನಮ್ಮ ಮುನ್ನುಗ್ಗುವವರಿಗೆ ಅಷ್ಟೂ ಆಗಲಿಲ್ಲ. ಚೆಂಡು ಕೊಟ್ಟಾಗಲೆಲ್ಲ ಮೂರು ಪ್ರಯತ್ನ ಸೋತು, ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು ವಾಪಸ್ಸು. ಬೆಂಚಿನಿಂದ ತಡೆಯುವವರು ಮತ್ತೆ ಎದ್ದು ಬರಬೇಕು. ಕೊನೆಕೊನೆಗೆ ಅವರು ಏಳುವುದು ನಿಧಾನವಾಯಿತು. ದಪ್ಪ ಎರಡೂ ಕೈ ಮಂಡಿಗೆ ಊರಿ ನಿಲ್ಲುತ್ತಿದ್ದ. ಕೊನೆಯ ನಿಮಿಷದಲ್ಲಿ ನಮ್ಮವರಿಗೆ ಚೆಂಡು ಒದ್ದು ಅಂಕ ಸಮ ಮಾಡುವ ಒಂದು ಅವಕಾಶ ಸಿಕ್ಕಿತು. ಒದ್ದವನ ಚೆಂಡು ಕಂಬದ ಹೊರಗೆ ಹೋಯಿತು.

ಕ್ಯಾಮೆರಾ ಬೆಂಚಿನ ಕಡೆ ತಿರುಗಿತು. ಹಿಡಿದವರೆಲ್ಲ ದೊಡ್ಡ ಕೋಟು ಹೊದ್ದು ಸಾಲಾಗಿ ಕೂತಿದ್ದರು. ಯಾರೂ ಅಳುತ್ತಿರಲಿಲ್ಲ, ಯಾರೂ ಒದ್ದವನ ಕಡೆ ನೋಡುತ್ತಿರಲಿಲ್ಲ. ನಾನು ಬಲಕ್ಕೆ ತಿರುಗಿದೆ. ಹೇಳಬೇಕೆಂದು ಬಾಯಿ ತೆರೆದಿತ್ತು. ಹೊದಿಕೆಯೊಳಗಿನ ಮನುಷ್ಯ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ನನ್ನ ಯಂತ್ರ ಇನ್ನೂ ಮುಗಿದಿರಲಿಲ್ಲ. ಚಾವಣಿ ನೋಡುತ್ತಾ ಮಲಗಿದೆ. ಕಣ್ಣೀರು ಕಿವಿಯೊಳಗೆ ಇಳಿಯಿತು. ಒರೆಸಿಕೊಳ್ಳಲು ಫೋನು ಹಿಡಿದ ಕೈ ಬಿಡಬೇಕಿತ್ತು. ಬಿಟ್ಟೆ. ಸಿಸ್ಟರ್ ಬಂದು, "ನೋವಾಗ್ತಿದ್ಯಾ ಮೇಡಂ?" ಎಂದು ಕೇಳಿದರು. ಇಲ್ಲ ಎಂದೆ.

ಮಧ್ಯಾಹ್ನ ಹತ್ತನೇ ತರಗತಿಗೆ ಸಮಾಸಗಳನ್ನು ಮತ್ತೊಮ್ಮೆ ಮಾಡಿಸಿದೆ. ಸಂಜೆ ಮನೆಗೆ ಬಂದು ಗೌಡರಿಗೆ ಫೋನ್ ಮಾಡಿದೆ. ಅವರೇ ಎತ್ತಿದರು. ಹಿಂದೆ ಟಿ.ವಿ. ಧಾರಾವಾಹಿಯ ಸದ್ದು, ಯಾರೋ ನಗುವುದು ಕೇಳುತ್ತಿತ್ತು.

"ಸೋತ್ರಾ?" ಎಂದರು, ನನ್ನ ಹಲೋ ಕೇಳಿದ ಕೂಡಲೇ.

"ಸೋತ್ರು."

"ಹಿಡಿಯೋರು ಹಿಡಿದ್ರಾ?"

"ಹಿಡಿದ್ರು ಗೌಡ್ರೇ. ಒಮ್ಮೆನೂ ಬಿಡ್ಲಿಲ್ಲ."

"ಮತ್ತೆಂತ?"

"ಓಡೋರು ಒಂದೂ ಹೊಡೀಲಿಲ್ಲ."

ಆ ಕಡೆ ಧಾರಾವಾಹಿ ನಡೆಯುತ್ತಲೇ ಇತ್ತು. ಅಷ್ಟು ಹೊತ್ತು ನಾವು ಮಾತಿಲ್ಲದೇ ಫೋನ್ ಹಿಡಿದು ನಿಂತದ್ದು ನನಗೆ ವಿಚಿತ್ರವೆನ್ನಿಸಲಿಲ್ಲ. ಆಸ್ಪತ್ರೆಯಲ್ಲೂ ನಾವು ಹಾಗೇ ಇರುತ್ತಿದ್ದೆವು. ಕೊನೆಗೆ ಅವರು, "ಅಲ್ಲಿ ಪಕ್ಕದಲ್ಲಿ ಯಾರು ಬಂದ್ರು?" ಎಂದು ಕೇಳಿದರು.

"ಯಾರೋ ಹೊಸಬರು. ನಿದ್ದೆ ಮಾಡ್ತಾರೆ. ನಿಮ್ಮ ಕಡೆ?"

"ಇಲ್ಲಿ ಟಿ.ವಿ. ಇದೆ. ಬೆಳಿಗ್ಗೆಯಿಂದ ಭಜನೆ ಹಾಕಿರ್ತಾರೆ." ಹಿಂದಿನಿಂದ ಯಾರೋ ಕರೆದರು. "ಬಂದೆ," ಎಂದು ಅತ್ತ ಹೇಳಿ, "ಊಟಕ್ಕೆ ಕರೀತಿದಾರೆ. ಇಡ್ತೀನಿ ಟೀಚ್ರೇ," ಎಂದರು.

ಬೇಸಿಗೆಯಲ್ಲಿ ಆ ತಂಡ ಚೆಲ್ಲಾಪಿಲ್ಲಿಯಾಯಿತು. ತಡೆಯುವವರನ್ನು ತಯಾರು ಮಾಡಿದ್ದ ಕೋಚ್‌ಗೆ ಬೇರೆ ಊರಿನ ತಂಡದಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ದಪ್ಪ ನಿವೃತ್ತನಾದ. ಜಡೆಯವನ ಕರಾರು ಮುಗಿದು ಅವನು ದಕ್ಷಿಣದ ಬಿಸಿಲೂರಿನ ತಂಡವೊಂದಕ್ಕೆ ಹೋದ. ಅಲ್ಲಿ ಇದೆಲ್ಲ ಪ್ರತಿ ವರ್ಷ ಆಗುವುದೇ ಅಂತೆ. ನನಗೆ ಗೊತ್ತಿರಲಿಲ್ಲ. ಒಂದು ತಂಡ ಎಂದರೆ ಹಾಗೇ ಇರುತ್ತದೆ ಎಂದುಕೊಂಡಿದ್ದೆ. ಈ ಸುದ್ದಿ ಹೇಳಲು ಮತ್ತೊಮ್ಮೆ ಫೋನ್ ಮಾಡಿದೆ. ಈ ಸಲ ಮಗ ಎತ್ತಿದ.

"ಅಪ್ಪ ತೋಟದ ಕಡೆ ಹೋಗಿದಾರೆ. ಆರಾಮಿದಾರೆ ಈಗ. ಅರ್ಜೆಂಟಾ?"

"ಅಲ್ಲಪ್ಪ. ಹಿಂಗೇ ಮಾಡಿದ್ದೆ."

"ಯಾರು ಅಂತ ಹೇಳ್ಲಿ?"

"ಕೊಪ್ಪದ ಆಸ್ಪತ್ರೆ ಟೀಚರ್ ಅಂತ ಹೇಳಿ."

ಅವನು ಹೇಳಿದನೋ, ಮರೆತನೋ. ಗೌಡರಿಂದ ಫೋನ್ ಬರಲಿಲ್ಲ. ತೋಟಕ್ಕೆ ಹೋಗುವಷ್ಟು ಗಟ್ಟಿಯಾಗಿದ್ದಾರೆ, ಅಂಗಳದ ಕುರ್ಚಿ ಬಿಟ್ಟು ಎದ್ದಿದ್ದಾರೆ ಎಂದು ಕೇಳಿ ನಿಜಕ್ಕೂ ಸಂತೋಷವಾಯಿತು. ಮತ್ತೆ ಮಾಡಲು ನನಗೆ ಸಂಕೋಚ. ಒಂದು ಆಟದ ಸುದ್ದಿ ಹೇಳಲು ಎಷ್ಟು ಸಲ ಫೋನ್ ಮಾಡುವುದು?

ಸೆಪ್ಟೆಂಬರಿನಲ್ಲಿ ಹೊಸ ಋತು ಶುರುವಾಗಿದೆ. ಆ ಚಳಿಯೂರಿನ ತಂಡ ಈಗ ಹೊಸ ಓಟಗಾರರನ್ನು ತಂದು ಬೇಕಾದಷ್ಟು ಅಂಕ ಹೊಡೆಯುತ್ತಿದೆ, ಅಷ್ಟೇ ಅಂಕ ಬಿಟ್ಟುಕೊಡುತ್ತಿದೆ. ವಿವರಣೆಗಾರರಿಗೆ ಈಗ ಅವರೆಂದರೆ ಬಲು ಇಷ್ಟ. ನಾನು ಅದನ್ನು ಎರಡು ಸಲ ನೋಡಿ ಬಿಟ್ಟೆ. ಬುಧವಾರಗಳಂದು ಬಿಸಿಲೂರಿನ ತಂಡದ ಆಟ ಹುಡುಕಿ ಹಾಕಿಕೊಳ್ಳುತ್ತೇನೆ. ಜಡೆಯವನು ಅಲ್ಲಿ ಬೇರೆ ಬಣ್ಣದ ಅಂಗಿ ಹಾಕಿಕೊಂಡು ಎಡಗಡೆಯ ಅಂಚಿನಲ್ಲಿ ನಿಲ್ಲುತ್ತಾನೆ. ಅವನ ಜೊತೆಯವರು ಯಾರೂ ನನಗೆ ಇನ್ನೂ ಪರಿಚಯವಾಗಿಲ್ಲ.